ಎಡ ಕದ, ಬಲ ಕದ

ಆಫೀಸಿನಲ್ಲಿ ಅವಳಿಗೆ ಬಾಗಿಲಮ್ಮ ಎಂದು ಹೆಸರು ಬಿದ್ದದ್ದರ ಕಾರಣ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಕಟ್ಟಡಗಳ ನಕ್ಷೆ ತಯಾರಿಸುವ ಆ ಪುಟ್ಟ ಆಫೀಸಿನಿಂದ ಹೊರಟದ್ದು ಶಾಲೆಯಿರಲಿ, ಆಸ್ಪತ್ರೆಯಿರಲಿ, ಕಂಪ್ಯೂಟರಿನಲ್ಲಿ ಅದಕ್ಕೆ ಬಾಗಿಲು ಕೂರಿಸಿದವಳು ಅವಳೇ. ಗೋಡೆ, ಮೆಟ್ಟಿಲು, ಚಾವಣಿಗಳೆಲ್ಲ ಯಜಮಾನರ ಪಾಲು. ಗೋಡೆಗೇನು, ನಿಲ್ಲಿಸಿದಲ್ಲಿ ನಿಂತಿರುತ್ತದೆ, ಯಾರು ಬೇಕಾದರೂ ಎಳೆಯಬಹುದು. ಬಾಗಿಲು ತಿರುಗುವ ವಸ್ತು, ಅದಕ್ಕೆ ತಲೆ ಓಡಿಸಬೇಕು ಎಂಬುದು ಅವಳ ವಾದ. ಈ ವಾದವನ್ನು ಅವಳು ಯಾರ ಮುಂದೆಯೂ ಮಂಡಿಸಿದವಳಲ್ಲ. ಮನಸ್ಸಿನಲ್ಲೇ ಮಂಡಿಸಿ, ಮನಸ್ಸಿನಲ್ಲೇ ಗೆದ್ದು, ಆರಾಮವಾಗಿದ್ದಳು.

ಯಜಮಾನರು ಇಬ್ಬರು, ಒಡಹುಟ್ಟಿದವರು. ಅಣ್ಣ ದೊಡ್ಡ ಸಾರ್, ತಮ್ಮ ಚಿಕ್ಕ ಸಾರ್. ಆಫೀಸು ಎಂದರೆ ಉದ್ದನೆಯ ಒಂದೇ ಕೋಣೆ. ಬೀದಿಯ ಕಡೆಗೆ ಎರಡು ಕದದ ಹಳೆಯ ಮರದ ಬಾಗಿಲು, ಹಿಂದುಗಡೆ ಕಿಟಕಿ, ನಟ್ಟ ನಡುವೆ ಒಂದು ಭಾರೀ ಮೇಜು. ಮುಚ್ಚಿಹೋದ ಯಾವುದೋ ಅಚ್ಚುಕೂಟದಿಂದ ಆ ಮೇಜನ್ನು ಅಣ್ಣತಮ್ಮಂದಿರು ಆಫೀಸು ತೆರೆದ ಹೊಸತರಲ್ಲಿ ಹೊತ್ತು ತಂದಿದ್ದರು. ಅದರ ಮೇಲೆ ನಕ್ಷೆಗಳನ್ನು ಹರಡಿಕೊಂಡು ಇಬ್ಬರೂ ಎದುರುಬದುರಾಗಿ ನಿಂತು ವಾದಿಸುತ್ತಿದ್ದರು, ಅಲ್ಲೇ ಊಟದ ಡಬ್ಬಿ ಬಿಚ್ಚುತ್ತಿದ್ದರು, ಒಬ್ಬರ ಡಬ್ಬಿಯಿಂದ ಇನ್ನೊಬ್ಬರು ಕೇಳದೆ ತೆಗೆದು ತಿನ್ನುತ್ತಿದ್ದರು.

ಅದೆಲ್ಲ ಹಿಂದಿನ ಮಾತು. ಈಗ ಅವರಿಬ್ಬರ ನಡುವೆ ಮಾತೇ ನಿಂತು ತಿಂಗಳುಗಳಾಗಿದ್ದವು.

ಕಾರಣ ಒಂದು ಕೆಂಪು ಪೆನ್ನು. ದೊಡ್ಡ ಸಾರ್ ಜೇಬಿನಲ್ಲಿ ಅದು ಸದಾ ಇರುತ್ತಿತ್ತು. ಯಾರ ನಕ್ಷೆ ಕಂಡರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಶಾಲೆ ಕಟ್ಟಿಸುವವರು ಬಂದು ಕೂತಿದ್ದಾಗ, ಚಿಕ್ಕ ಸಾರ್ ತಾವು ವಾರಗಟ್ಟಲೆ ಕೂತು ಮಾಡಿದ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಮೆಟ್ಟಿಲಿನ ವಿಷಯ ವಿವರಿಸುತ್ತಿದ್ದರು. ದೊಡ್ಡ ಸಾರ್ ಬಗ್ಗಿ ನೋಡಿದವರೇ, "ಇದನ್ನ ಮಕ್ಕಳು ಹತ್ತೋಕಾಗಲ್ಲ, ಮೇಕೆ ಹತ್ತಬೇಕು," ಎಂದು ಮೆಟ್ಟಿಲಿನ ಮೇಲೆ ಅಡ್ಡಡ್ಡ ಗೀಟು ಹೊಡೆದರು. ಬಂದವರು ಹೊಟ್ಟೆ ಹಿಡಿದು ನಕ್ಕರು. ಚಿಕ್ಕ ಸಾರ್ ಮುಖ ಸುಟ್ಟ ಹಾಗಾಯಿತು. ಅವರು ನಕ್ಷೆ ಸುತ್ತಿಟ್ಟು ಹೊರಗೆ ಹೋದವರು, ಮಾರನೆಯ ದಿನ ಬಂದಾಗ ಅಣ್ಣನ ಕಡೆ ತಿರುಗಿಯೂ ನೋಡಲಿಲ್ಲ. ದೊಡ್ಡ ಸಾರ್ ಕೂಡ ತಾವಾಗಿ ಮಾತಾಡಿಸುವ ಜಾಯಮಾನದವರಲ್ಲ. ಹೀಗೆ ಗಂಟು ಬಿಗಿಯಿತು.

ಮಾತು ನಿಂತರೂ ಕೆಲಸ ನಿಲ್ಲುವುದಿಲ್ಲವಲ್ಲ. ಅವರಿಬ್ಬರ ನಡುವೆ ಓಡಾಡುವ ಭಾಗ್ಯ ಬಾಗಿಲಮ್ಮನ ಪಾಲಿಗೆ ಬಂತು.

"ಬಾಗಿಲಮ್ಮ, ಶಾಲೆಯ ಹಿಂದಿನ ಗೋಡೆಗೆ ಒಂದು ಕಿಟಕಿ ಬೇಕು ಅಂತ ಅವನಿಗೆ ಹೇಳು," ಎನ್ನುವರು ದೊಡ್ಡ ಸಾರ್, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ತಮ್ಮ ಕೂತಿದ್ದರೂ.

"ಚಿಕ್ಕ ಸಾರ್, ಕಿಟಕಿ ಬೇಕಂತೆ."

"ಕೇಳಿಸ್ತು. ಆಗಲ್ಲ ಅಂತ ಹೇಳಿ."

"ಆಗಲ್ವಂತೆ, ಸಾರ್."

"ಕೇಳಿಸ್ತು."

ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಆಮೇಲೆ ಬೇಜಾರಾಯಿತು. ಕೊನೆಗೆ ಹೆದರಿಕೆಯಾಯಿತು, ಏಕೆಂದರೆ ಪಾಲು ಶುರುವಾಗಿತ್ತು. ಕುರ್ಚಿ ಹಂಚಿಕೊಂಡರು, ಕಪಾಟು ಹಂಚಿಕೊಂಡರು. ಆಸ್ಪತ್ರೆಯ ಕೆಲಸ ಅಣ್ಣನಿಗೆ, ಶಾಲೆಯದು ತಮ್ಮನಿಗೆ. ಗಡಿಯಾರ ಅಣ್ಣನಿಗೆ ಹೋಯಿತು, ಕ್ಯಾಲೆಂಡರ್ ತಮ್ಮನಿಗೆ. ಹಾಗಾಗಿ ಈ ಕಡೆಯವರಿಗೆ ಗಂಟೆ ಗೊತ್ತಾಗುತ್ತಿತ್ತು, ಆ ಕಡೆಯವರಿಗೆ ತಾರೀಖು. ತಾನು ಹದಿನಾಲ್ಕು ವರ್ಷ ದುಡಿದ ಆಫೀಸು ತನ್ನ ಕಣ್ಣೆದುರೇ ಹೀಗೆ ಹರಿದು ಹಂಚಿಹೋಗುವುದನ್ನು ನೋಡಲು ಬಾಗಿಲಮ್ಮನಿಗೆ ಆಗುತ್ತಿರಲಿಲ್ಲ. ಕೆಲಸ ಹೋದೀತು ಎಂಬ ಭಯವಲ್ಲ ಅದು. ಇಬ್ಬರೂ ಅವಳನ್ನು ಬೇರೆಬೇರೆಯಾಗಿ ಕರೆದು ಕೇಳಿದ್ದರು.

"ನೀನು ನನ್ನ ಕಡೆ ಬರ್ತೀಯ ತಾನೇ?" ಎಂದಿದ್ದರು ದೊಡ್ಡ ಸಾರ್.

"ನೀವು ಈ ಕಡೆ ಇರ್ತೀರಿ ಅಂದ್ಕೊಂಡಿದೀನಿ," ಎಂದಿದ್ದರು ಚಿಕ್ಕ ಸಾರ್. "ಅವಸರ ಇಲ್ಲ. ಗೋಡೆ ಏಳೋ ಹೊತ್ತಿಗೆ ಹೇಳಿದ್ರೆ ಸಾಕು."

ಗೋಡೆಯ ವಿಚಾರ ಹೀಗೆ: ಕೋಣೆಯ ನಡುವೆ ಉದ್ದಕ್ಕೂ ಒಂದು ಗೋಡೆ ಎಬ್ಬಿಸಿ ಎರಡು ಆಫೀಸು ಮಾಡುವುದೆಂದು ತೀರ್ಮಾನವಾಗಿತ್ತು. ಬೀದಿಯ ಕಡೆ ಇನ್ನೊಂದು ಬಾಗಿಲು ಒಡೆಯಲು ಕಟ್ಟಡದ ಮಾಲೀಕರು ಸುತರಾಂ ಒಪ್ಪಲಿಲ್ಲ. ಇದ್ದ ಬಾಗಿಲನ್ನೇ ಹಂಚಿಕೊಳ್ಳಬೇಕು. ಗೋಡೆ ಸರಿಯಾಗಿ ಬಾಗಿಲಿನ ಮಧ್ಯಕ್ಕೆ ಬಂದು ನಿಲ್ಲುವುದು. ಎಡ ಕದ ಅಣ್ಣನಿಗೆ, ಬಲ ಕದ ತಮ್ಮನಿಗೆ.

"ಮಾಲೀಕರಿಗೆ ಕಂಪ್ಯೂಟರಲ್ಲಿ ತೋರಿಸ್ಬೇಕು," ಎಂದು ದೊಡ್ಡ ಸಾರ್ ಅವಳ ಮೇಜಿನ ಹತ್ತಿರ ಬಂದು ಹೇಳಿದರು. "ನಮ್ಮ ಆಫೀಸಿನ ಮಾಡೆಲ್ ಮಾಡು. ಗೋಡೆ ಹಾಕು. ಬಾಗಿಲಲ್ಲಿ ಎಡ ಕದ ಬೇರೆ ತೆಗೀಬೇಕು, ಬಲ ಕದ ಬೇರೆ ತೆಗೀಬೇಕು. ಒಂದರ ಹಂಗು ಇನ್ನೊಂದಕ್ಕೆ ಇರಬಾರದು."

ಆ ಕಡೆಯಿಂದ ಚಿಕ್ಕ ಸಾರ್ ತಲೆ ಎತ್ತದೆ, "ಬಲ ಕದ ಪೂರ್ತಿ ತೆಗಿಯೋ ಹಾಗಿರಲಿ ಅಂತ ಹೇಳಿ," ಎಂದರು.

"ಪೂರ್ತಿ ತೆಗೀಬೇಕಂತೆ, ಸಾರ್."

"ಕೇಳಿಸ್ತು."

ಅವಳು ಆಫೀಸನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿದಳು. ನಡುವೆ ಗೋಡೆ ಎಳೆದಳು. ಬಾಗಿಲಿಗೆ ಬಂದಾಗ ತೊಡಕು ಎದುರಾಯಿತು, ಮತ್ತು ಆ ತೊಡಕು ಅವಳ ಕೈಯಿಂದಲೇ ಆದದ್ದು.

ಎರಡು ಕದದ ಬಾಗಿಲನ್ನು ಅವಳು ಕೆಲಸಕ್ಕೆ ಸೇರಿದ ವರ್ಷವೇ ತಯಾರಿಸಿ ಆಫೀಸಿನ ಬಾಗಿಲುಗಳ ಸಂಗ್ರಹದಲ್ಲಿಟ್ಟಿದ್ದಳು. ಕಂಪ್ಯೂಟರಿನ ಬಾಗಿಲಿಗೆ ಎಷ್ಟು ತೆರೆಯಬೇಕೆಂದು ಒಂದು ಸಂಖ್ಯೆ ಕೊಡಬೇಕು. ಸೊನ್ನೆ ಕೊಟ್ಟರೆ ಮುಚ್ಚುತ್ತದೆ, ತೊಂಬತ್ತು ಕೊಟ್ಟರೆ ಪೂರ್ತಿ ತೆರೆಯುತ್ತದೆ. ಆಗ ಅವಳು ಎರಡು ಕದಕ್ಕೂ ಸೇರಿಸಿ ಒಂದೇ ಸಂಖ್ಯೆ ಇಟ್ಟಿದ್ದಳು. ಒಂದು ಕದ ಎಷ್ಟು ತೆರೆಯುತ್ತದೋ ಇನ್ನೊಂದೂ ಅಷ್ಟೇ. ಒಂದು ಮುಚ್ಚಿದರೆ ಇನ್ನೊಂದೂ ಮುಚ್ಚುತ್ತದೆ. ಅಷ್ಟು ವರ್ಷ ಯಾರಿಗೂ ಅದರಿಂದ ತೊಂದರೆಯಾಗಿರಲಿಲ್ಲ. ಈಗ ಎಡ ಕದವನ್ನು ತೆರೆದರೆ ಬಲ ಕದವೂ ನಾನೂ ಬಂದೆ ಎಂದು ಹಿಂದೆಯೇ ತೆರೆದುಕೊಳ್ಳುತ್ತಿತ್ತು.

"ನಿಮಗಿರೋ ಬುದ್ಧಿ ಅವರಿಗಿಲ್ವಲ್ಲ," ಎಂದಳು ಬಾಗಿಲಮ್ಮ ಪರದೆಯ ಮೇಲಿನ ಕದಗಳಿಗೆ.

ಆ ಸಂಜೆ ಮನೆಯಲ್ಲಿ ಅತ್ತೆಯ ಮುಂದೆ ಗೋಳು ತೋಡಿಕೊಂಡಳು. ಅತ್ತೆ ಪಡಸಾಲೆಯ ಬೀರುವಿನ ಮುಂದೆ ನಿಂತು ತಮ್ಮ ಶಾಲು ಹುಡುಕುತ್ತಿದ್ದರು. ಎರಡು ಕದದ ಕಬ್ಬಿಣದ ಬೀರು ಅದು. ಎಡಭಾಗ ಅತ್ತೆಯದು, ಬಲಭಾಗ ಸೊಸೆಯದು.

"ಇಬ್ಬರೂ ಕರೀತಿದ್ದಾರೆ ಅತ್ತೆ. ಯಾರಿಗೆ ಹೂಂ ಅನ್ನಲಿ?"

"ಇಬ್ಬರಿಗೂ ಅನ್ನು," ಎಂದರು ಅತ್ತೆ. "ನಿಮ್ಮ ಮಾವನಿಗೂ ಅವರಮ್ಮನಿಗೂ ಜಗಳ ಆದಾಗೆಲ್ಲ ನಾನು ಮಾಡಿದ್ದು ಅದೇ."

"ಆಮೇಲೆ?"

"ಆಮೇಲೆ ಇಬ್ಬರೂ ಸೇರಿ ನನ್ನ ಮೇಲೆ ತಿರುಗಿಬಿದ್ರು. ಅವರ ಜಗಳ ಮುಗೀತು." ಅತ್ತೆ ಬಲ ಕದ ತೆರೆದು, ಆಮೇಲೆ ಎಡ ಕದ ಎಳೆದರು. "ಈ ಬೀರು ಮಾಡಿದವನ ತಲೆ ಕಾಯ. ನನ್ನ ಶಾಲು ತೆಗೀಬೇಕಾದ್ರೆ ಮೊದಲು ನಿನ್ನ ಕದ ತೆಗೀಬೇಕು. ಅದಕ್ಕೇ ನಿನ್ನ ಹತ್ರ ಎಷ್ಟು ಬಟ್ಟೆ ಇದೆ, ಯಾವುದನ್ನ ಬಚ್ಚಿಟ್ಟಿದೀಯ, ಎಲ್ಲಾ ನಂಗೊತ್ತು."

ಬಾಗಿಲಮ್ಮ ಎದ್ದು ಬಂದು ಬೀರುವಿನ ಕದಗಳನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಬಲ ಕದದ ಅಂಚು ಎಡ ಕದದ ಅಂಚಿನ ಮೇಲೆ ಒಂದು ಬೆರಳಿನಷ್ಟು ಏರಿ ಕೂತಿತ್ತು. ಅವಳು ಇಷ್ಟು ವರ್ಷ ಬಾಗಿಲು ಮಾಡಿದವಳು. ತನ್ನ ಮನೆಯ ಬೀರುವನ್ನು ಹೀಗೆ ನೋಡಿದ್ದು ಅದೇ ಮೊದಲು.

"ಏನಾಯ್ತೇ ನಿನಗೆ?" ಎಂದರು ಅತ್ತೆ.

"ಆಫೀಸ್ ಕೆಲಸ ಅತ್ತೆ."

"ಮನೆ ಬೀರು ತೆಗೆದು ಹಾಕೋದು ಆಫೀಸ್ ಕೆಲಸಾನಾ? ಒಳ್ಳೆ ಕೆಲಸ."

ಮರುದಿನ ಅವಳು ಹಳೆಯ ಬಾಗಿಲನ್ನು ಬಿಚ್ಚಿ ಕೂತಳು. ಚೌಕಟ್ಟನ್ನು ಹಾಗೇ ಉಳಿಸಿಕೊಂಡು ಎರಡು ಕದಗಳನ್ನೂ ಕಿತ್ತು ಹಾಕಿ, ಒಂದೊಂದನ್ನೂ ಬೇರೆಯಾಗಿ ಮಾಡಿದಳು. ಎಡ ಕದಕ್ಕೆ ಅದರದೇ ಸಂಖ್ಯೆ, ಬಲ ಕದಕ್ಕೆ ಅದರದೇ ಸಂಖ್ಯೆ. ಆಮೇಲೆ ಅವನ್ನು ತಂದು ಚೌಕಟ್ಟಿಗೆ ಕೂರಿಸಬೇಕು. ಇಲ್ಲೇ ಇರುವುದು ಕಷ್ಟ. ಕದ ಯಾವ ಗೆರೆಯ ಸುತ್ತ ತಿರುಗಬೇಕೆಂದು ಕಂಪ್ಯೂಟರಿಗೆ ನಾವು ಹೇಳಿಕೊಡಬೇಕು. ಬಾಗಿಲಿಗೆ ಕೀಲು ಎಲ್ಲಿರುತ್ತದೆ ಎಂಬ ಸಾಮಾನ್ಯ ಜ್ಞಾನ ಅದಕ್ಕಿಲ್ಲ. ಮೊದಲ ಸಲ ಅವಳು ತಪ್ಪು ಅಂಚಿಗೆ ಕಟ್ಟಿದಳು. ತೊಂಬತ್ತು ಎಂದು ಒತ್ತಿದ್ದೇ ತಡ, ಎಡ ಕದ ಚೌಕಟ್ಟನ್ನೇ ಬಿಟ್ಟು, ಗೋಡೆ ತೂರಿಕೊಂಡು, ಬೀದಿಯಲ್ಲಿ ಹೋಗಿ ನಿಂತಿತು. ಎರಡನೆಯ ಸಲ ಆಫೀಸಿನೊಳಗೇ ಇತ್ತು, ಆದರೆ ತಲೆಕೆಳಗಾಗಿ. ಅವಳು ಅದಕ್ಕೆ ಮನಸಾರೆ ಬೈದು, ಚೌಕಟ್ಟಿನ ಮೂಲೆಯಲ್ಲಿ ಕೀಲಿನ ಜಾಗಕ್ಕೆ ಸರಿಯಾಗಿ ಒಂದು ಗೆರೆ ಎಳೆದು, ಕದವನ್ನು ಆ ಗೆರೆಗೆ ಕಟ್ಟಿ, ಗೆರೆಯನ್ನು ತಿರುಗಿಸಿದಳು. ಕದ ಅದರ ಜೊತೆ ಮೆಲ್ಲಗೆ, ನಿಜವಾದ ಬಾಗಿಲಿನಂತೆಯೇ, ತಿರುಗಿತು.

ಎಡ ಕದಕ್ಕೆ ತೊಂಬತ್ತು, ಬಲ ಕದಕ್ಕೆ ಸೊನ್ನೆ. ಒಂದು ತೆರೆದಿತ್ತು, ಇನ್ನೊಂದು ಅಲುಗಾಡದೆ ಮುಚ್ಚಿತ್ತು. ಬಾಗಿಲಮ್ಮನಿಗೆ ಎಷ್ಟು ಖುಷಿಯಾಯಿತೆಂದರೆ ಯಾರನ್ನಾದರೂ ಕರೆದು ತೋರಿಸಬೇಕೆನಿಸಿತು. ಆದರೆ ಅಣ್ಣನನ್ನು ಮೊದಲು ಕರೆದರೆ ತಮ್ಮನಿಗೆ ಬೇಸರ, ತಮ್ಮನನ್ನು ಕರೆದರೆ ಅಣ್ಣನಿಗೆ. ಈ ಬಾಗಿಲು ಇಷ್ಟು ಚೆನ್ನಾಗಿ ಆದಷ್ಟೂ ಆ ಗೋಡೆ ಬೇಗ ಏಳುತ್ತದೆ ಎಂದು ನೆನಪಾಗಿ ಖುಷಿಯೂ ಅರ್ಧಕ್ಕೆ ನಿಂತಿತು. ಅವಳು ಹಳೆಯ ಹೆಸರಿನಲ್ಲೇ ಹೊಸ ಬಾಗಿಲನ್ನು ಉಳಿಸಿ, ಕಂಪ್ಯೂಟರ್ ಆರಿಸಿ ಮನೆಗೆ ಹೋದಳು.

ಎಡವಟ್ಟಾದದ್ದು ಅಲ್ಲೇ. ಅಣ್ಣತಮ್ಮಂದಿರು ಕುರ್ಚಿ ಹಂಚಿಕೊಂಡಿದ್ದರು, ಗಡಿಯಾರ ಹಂಚಿಕೊಂಡಿದ್ದರು, ಆದರೆ ಬಾಗಿಲುಗಳ ಸಂಗ್ರಹ ಹಂಚಿಕೊಳ್ಳಲು ಮರೆತಿದ್ದರು. ಅವರಿಗೆ ಅಂಥದೊಂದು ಇದೆಯೆಂಬ ಯೋಚನೆಯೇ ಇರಲಿಲ್ಲ. ಬಾಗಿಲುಗಳು ಬಾಗಿಲಮ್ಮನಿಂದ ಬರುತ್ತವೆ, ಅಷ್ಟೇ. ಆಸ್ಪತ್ರೆಯ ನಕ್ಷೆಯೂ ಶಾಲೆಯ ನಕ್ಷೆಯೂ ದಿನಾ ಬೆಳಗ್ಗೆ ತೆರೆದ ಕೂಡಲೇ ಅದೇ ಒಂದು ಸಂಗ್ರಹದಿಂದ ಬಾಗಿಲುಗಳನ್ನು ಹೊಸದಾಗಿ ಎಳೆದುಕೊಳ್ಳುತ್ತಿದ್ದವು.

ಬೆಳಗ್ಗೆ ಅವಳು ಬರುವ ಮೊದಲೇ ಅಣ್ಣತಮ್ಮಂದಿರು ತಂತಮ್ಮ ನಕ್ಷೆ ತೆರೆದು ಕಳಿಸಿಯಾಗಿತ್ತು. ಅವಳು ಚೀಲ ಇಡುವಷ್ಟರಲ್ಲಿ ದೊಡ್ಡ ಸಾರ್ ಫೋನು ಹೊಡೆದುಕೊಂಡಿತು. ಆಸ್ಪತ್ರೆ ಕಟ್ಟುವ ಮೇಸ್ತ್ರಿಯ ದನಿ ಕೋಣೆಗೆಲ್ಲ ಕೇಳುವಷ್ಟು ದೊಡ್ಡದು.

"ಸಾರ್, ಈಗ ಕಳಿಸಿದ್ರಲ್ಲ ನಕ್ಷೆ, ಅದರಲ್ಲಿ ಎಲ್ಲಾ ಬಾಗಿಲಿಗೂ ಬಲ ಕದ ಮುಚ್ಕೊಂಡಿದೆ. ಪರ್ಮನೆಂಟಾಗಿ ಜಡಿದುಬಿಡ್ಲಾ?"

ದೊಡ್ಡ ಸಾರ್ ಬಾಯಿ ತೆರೆಯುವ ಮೊದಲೇ ಆ ಕಡೆ ಚಿಕ್ಕ ಸಾರ್ ಫೋನೂ ಬಡಿದುಕೊಂಡಿತು. ಶಾಲೆಯ ಹೆಡ್‌ಮಿಸ್ಟ್ರೆಸ್. ಅವರ ಮಾತು ಕೇಳಿಸಲಿಲ್ಲ, ಆದರೆ ಚಿಕ್ಕ ಸಾರ್, "ಇಲ್ಲ ಮೇಡಂ, ಮಕ್ಕಳೆಲ್ಲ ಒಂದೇ ಕದದಲ್ಲಿ ಯಾಕೆ ನುಗ್ತಾರೆ... ಯಾವ ಬಾಗಿಲು... ಎಲ್ಲಾನಾ?" ಎನ್ನುವುದು ಕೇಳಿಸಿತು.

ಇಬ್ಬರೂ ಫೋನು ಕೆಳಗಿಟ್ಟರು.

"ಬಾಗಿಲಮ್ಮ," ಎಂದರು ಇಬ್ಬರೂ.

ಒಟ್ಟಿಗೆ ಒಂದು ಮಾತು ಅವರ ಬಾಯಿಂದ ಬಂದು ಎಷ್ಟೋ ಕಾಲವಾಗಿತ್ತು. ಆದರೆ ಅದನ್ನು ಆನಂದಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಏನಾಗಿದೆಯೆಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಎಡ ಕದ ತೊಂಬತ್ತು, ಬಲ ಕದ ಸೊನ್ನೆ ಇಟ್ಟೇ ಉಳಿಸಿದ್ದಳು, ಅದೂ ಹಳೆಯ ಹೆಸರಿನ ಮೇಲೆ. ರಾತ್ರಿ ಕಳೆದು ಬೆಳಗಾಗುವುದರೊಳಗೆ ಆಫೀಸಿನ ಎಲ್ಲ ನಕ್ಷೆಗಳಲ್ಲಿದ್ದ ಎಲ್ಲ ಜೋಡಿ ಬಾಗಿಲುಗಳೂ ಒಂದು ಕದ ತೆರೆದು, ಒಂದು ಕದ ಮುಚ್ಚಿಕೊಂಡು ನಿಂತಿದ್ದವು.

"ನನ್ನದೇ ತಪ್ಪು ಸಾರ್," ಎಂದಳು. ಯಾವ ಸಾರ್ ಎಂದು ಅವಳು ಬಿಡಿಸಿ ಹೇಳಲಿಲ್ಲ. "ನಮ್ಮ ಬಾಗಿಲಿಗೆ ಅಂತ ಮಾಡಿದ್ದು. ಹೋಗಿ ಎಲ್ಲದಕ್ಕೂ ಕೂತ್ಕೊಂಡುಬಿಟ್ಟಿದೆ."

"ಶಾಲೇಲೂ ಹಾಗೇ ಆಗಿದೆಯಾ ಕೇಳು," ಎಂದರು ದೊಡ್ಡ ಸಾರ್.

ಅವಳು ಬಾಯಿ ತೆರೆಯುವಷ್ಟರಲ್ಲಿ ಚಿಕ್ಕ ಸಾರ್, "ಆಗಿದೆ," ಎಂದರು.

"ಎಷ್ಟು ಬಾಗಿಲು?"

"ಎಲ್ಲಾ."

ಆಮೇಲೆ ಇಬ್ಬರಿಗೂ ತಾವು ಮಾಡಿದ್ದು ಅರಿವಿಗೆ ಬಂತು. ಮಾತಾಡಬಾರದಿತ್ತು, ಮಾತಾಡಿಬಿಟ್ಟಿದ್ದರು. ಆದರೆ ಬೆನ್ನಿಗೆ ಬೆಂಕಿ ಬಿದ್ದಿರುವಾಗ ಮುನಿಸು ಕಾಪಾಡಿಕೊಂಡು ಕೂರುವಷ್ಟು ಪುರುಸೊತ್ತು ಯಾರಿಗಿರುತ್ತದೆ. ಅವಳ ಕುರ್ಚಿಯ ಹಿಂದೆ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಬಂದು ನಿಂತರು.

"ಎರಡಕ್ಕೂ ತೊಂಬತ್ತು ಇಟ್ಟುಬಿಡ್ತೀನಿ," ಎಂದಳು ಅವಳು.

"ಬೇಡ," ಎಂದರು ದೊಡ್ಡ ಸಾರ್. "ಬೇರೆ ಮಾಡಿದ್ದು ಒಳ್ಳೇದೇ ಆಯ್ತು. ಆಸ್ಪತ್ರೇಲಿ ದಿನಾ ಓಡಾಡೋಕೆ ಒಂದು ಕದ ಸಾಕು. ಸ್ಟ್ರೆಚರ್ ಬಂದಾಗ ಮಾತ್ರ ಎರಡೂ ತೆಗೀಬೇಕು. ಬಲ ಕದ ತೊಂಬತ್ತು, ಎಡ ಸೊನ್ನೆ. ಜನ ಬಲಗೈಯಲ್ಲಿ ತಳ್ಳೋದು."

"ಶಾಲೇಲಿ ಎರಡೂ ತೆರೆದೇ ಇರಬೇಕು," ಎಂದರು ಚಿಕ್ಕ ಸಾರ್. "ಒಂದೇ ತೆಗೆಯೋದಾದ್ರೆ ಎಡ. ಬಲ ಕದಾನ ಮೊದಲು ತೆಗೆಯೋದು ಯಾರಾದ್ರೂ ನೋಡಿದಾರಾ? ಎಡದ್ದು ಬಲದ್ದರ ಮೇಲೆ ಕೂತಿರುತ್ತೆ."

"ಬಲದ್ದು ಎಡದ್ದರ ಮೇಲೆ."

"ನಮ್ಮನೆ ಬೀರೂಲಿ ಬಲದ್ದೇ," ಎಂದಳು ಬಾಗಿಲಮ್ಮ. ಯಾರೂ ಅವಳ ಬೀರುವನ್ನು ಗಮನಿಸಲಿಲ್ಲ. ಇಬ್ಬರೂ ಅವಳ ತಲೆಯ ಮೇಲಿಂದ ಜಗಳವಾಡತೊಡಗಿದ್ದರು, ನೇರವಾಗಿ, ಬಾಯಿಂದ ಬಾಯಿಗೆ, ನಡುವೆ ಯಾರ ದಲ್ಲಾಳಿತನವೂ ಇಲ್ಲದೆ. ಅವಳು ಕೈಕಟ್ಟಿ ಕೂತು ಕೇಳಿದಳು. ಅಷ್ಟು ಸೊಗಸಾದ ಜಗಳವನ್ನು ಅವಳು ತಿಂಗಳುಗಳಿಂದ ಕೇಳಿರಲಿಲ್ಲ.

"ನಮ್ಮ ಬಾಗಿಲಲ್ಲಿ ಯಾವುದು ಮೇಲಿದೆ?" ಎಂದರು ಕೊನೆಗೆ ಚಿಕ್ಕ ಸಾರ್.

ಇಬ್ಬರಿಗೂ ಗೊತ್ತಿರಲಿಲ್ಲ. ದಿನಾ ಅದೇ ಬಾಗಿಲಲ್ಲಿ ಓಡಾಡುವವರು, ಹೊಟ್ಟೆಪಾಡಿಗೆ ಕಟ್ಟಡ ಬರೆಯುವವರು, ನೋಡಿರಲಿಲ್ಲ. ಇಬ್ಬರೂ ಬಾಗಿಲ ಹತ್ತಿರ ಹೋದರು. ಎಡ ಕದ ತೆರೆದೇ ಇತ್ತು; ಬಲ ಕದದ ಮೇಲೂ ಕೆಳಗೂ ಚಿಲಕ ಬಿದ್ದಿತ್ತು. ಚಿಕ್ಕ ಸಾರ್ ಎಡ ಕದವನ್ನು ತಳ್ಳಿ ಮುಚ್ಚಿದರು. ಅದರ ಅಂಚು ಬಲ ಕದದ ಮೇಲೆ ಏರಿ ಕೂತಿತು.

"ಎಡ," ಎಂದರು.

"ಸರಿ, ಎಡ," ಎಂದರು ದೊಡ್ಡ ಸಾರ್, ಮದ್ದು ನುಂಗಿದವರ ಹಾಗೆ. ಸೋಲು ಒಪ್ಪಿ ವಾಪಸು ಬರಬಹುದಿತ್ತು, ಬರಲಿಲ್ಲ. ಬಲ ಕದದ ಮೇಲಿನ ಚಿಲಕಕ್ಕೆ ಕೈ ಹಾಕಿದರು. ಅದು ಜಪ್ಪಯ್ಯ ಎನ್ನಲಿಲ್ಲ. ಎಷ್ಟು ಕಾಲದಿಂದ ತೆಗೆಯದೆ ಧೂಳು ಕೂತು, ಕದ ಕೆಳಕ್ಕೆ ಜೋತು, ಚಿಲಕದ ಮೇಲೇ ಭಾರ ಬಿಟ್ಟುಕೊಂಡಿತ್ತು.

"ಕದ ಎತ್ತದೆ ಬರಲ್ಲ ಅದು," ಎಂದರು ಚಿಕ್ಕ ಸಾರ್. ಬಗ್ಗಿ ಕೆಳಗಿನ ಚಿಲಕ ತೆಗೆದು, ಕದದ ಅಡಿಗೆ ಬೆರಳು ತೂರಿಸಿದರು. "ಎತ್ತಿದೀನಿ. ಎಳಿ."

"ಇನ್ನೂ ಎತ್ತು."

"ಇನ್ನೆಷ್ಟು ಎತ್ತಲಿ, ನೀನು ಎಳಿಯಣ್ಣ."

ಅಣ್ಣ ಎಂಬ ಆ ಮಾತು ಅವರಿಗೇ ಗೊತ್ತಿಲ್ಲದೆ ಬಂದುಬಿಟ್ಟಿತ್ತು. ಚಿಲಕ ಕಿರ್ರೆಂದು ಕೆಳಗೆ ಬಂತು, ಎಡ ಕದ ಎಳೆದರು, ಬಲ ಕದವೂ ತೆರೆದುಕೊಂಡಿತು. ಬೀದಿಯ ಬೆಳಕೂ ಗಾಳಿಯೂ ಒಟ್ಟಿಗೆ ನುಗ್ಗಿ ಮೇಜಿನ ಮೇಲಿದ್ದ ಹಾಳೆಗಳನ್ನೆಲ್ಲ ಎತ್ತಿ ನೆಲಕ್ಕೆ ಚೆಲ್ಲಿದವು. ಅಣ್ಣನ ಹಾಳೆ ಯಾವುದು, ತಮ್ಮನ ಹಾಳೆ ಯಾವುದು ಗುರುತೇ ಸಿಗದಂತಾಯಿತು.

ದೊಡ್ಡ ಸಾರ್ ಹಾಳೆಗಳ ಕಡೆ ನೋಡಲಿಲ್ಲ. ಅವರು ಎಡ ಕದದ ಅಂಚಿನಲ್ಲಿದ್ದ ಬೀಗವನ್ನು ನೋಡುತ್ತಿದ್ದರು.

"ಬಾಗಿಲಮ್ಮ, ಗೋಡೆ ಇಲ್ಲೇ ಅಲ್ವಾ ಬರೋದು, ಸರಿಯಾಗಿ ಮಧ್ಯಕ್ಕೆ?"

"ಹೌದು ಸಾರ್."

"ಈ ಬೀಗದ ನಾಲಗೆ ಹೋಗಿ ಕೂರೋದು ಇವನ ಕದದೊಳಗೆ. ಇವನು ತನ್ನ ಕದ ತೆಗೆದಿಟ್ಟಿದ್ರೆ ನಾನು ಬೀಗ ಹಾಕೋದು ಯಾವುದಕ್ಕೆ?"

"ನಿನಗೆ ಬೀಗನಾದ್ರೂ ಇದೆ," ಎಂದರು ಚಿಕ್ಕ ಸಾರ್. "ನನ್ನ ಕದಕ್ಕಿರೋದು ಬರೀ ಚಿಲಕ. ಅದನ್ನ ಒಳಗಿಂದ ಹಾಕ್ಬೇಕು. ಒಳಗಿಂದ ಹಾಕ್ಕೊಂಡು ನಾನು ಮನೆಗೆ ಹೋಗೋದು ಹ್ಯಾಗೆ?"

"ಹಿಂದೆ ಕಿಟಕಿ ಇದೆಯಲ್ಲ."

ಚಿಕ್ಕ ಸಾರ್ ನಗಬಾರದೆಂದು ತುಟಿ ಬಿಗಿಹಿಡಿದರು. ಆಗಲಿಲ್ಲ. ದೊಡ್ಡ ಸಾರ್ ಕೂಡ ಮೀಸೆಯೊಳಗೇ ನಕ್ಕರು. ಆದರೂ ಅವರು ಕಟ್ಟಡ ಕಟ್ಟುವವರು, ಸೋಲೊಪ್ಪುವ ಪೈಕಿಯಲ್ಲ. "ಮಧ್ಯೆ ಒಂದು ಕಂಬ ನಿಲ್ಲಿಸಿದ್ರಾಯ್ತು," ಎಂದರು. "ಎಡ ಕದ ಕಂಬಕ್ಕೆ, ಬಲ ಕದ ಕಂಬಕ್ಕೆ. ಎರಡಕ್ಕೂ ಬೇರೆ ಬೇರೆ ಬೀಗ."

ನಿಜ, ಅಷ್ಟೇ ಸುಲಭ. ಒಂದು ಕಂಬ ಎಳೆಯಲು ಬಾಗಿಲಮ್ಮನಿಗೆ ಒಂದು ನಿಮಿಷ ಸಾಕು. ಎಳೆದರೆ ಆಯಿತು, ಎಲ್ಲ ಮುಗಿಯಿತು. ಅವಳು ನೆಲದ ಮೇಲೆ ಕೂತು ಹಾಳೆ ಆಯುತ್ತಿದ್ದಳು; ತಲೆಯ ಮೇಲೆ ಮೇಜಿನ ಅಡಿಭಾಗ ಕಾಣುತ್ತಿತ್ತು.

"ಸಾರ್," ಎಂದಳು, "ಮೇಜು?"

ಇಬ್ಬರೂ ತಿರುಗಿದರು.

"ಗೋಡೆ ಇದರ ಮೇಲೇ ಬರುತ್ತೆ. ಮಾಡೆಲ್‌ನಲ್ಲಿ ಮೇಜು ಹಾಕೇ ಇಲ್ಲ ನಾನು. ನೀವಿಬ್ಬರೂ ಎಲ್ಲಾ ಹಂಚ್ಕೊಂಡ್ರಿ, ಇದು ಯಾರಿಗೆ ಅಂತ ಯಾರೂ ಹೇಳಲಿಲ್ಲ. ಕಂಬ ಬಂದ್ರೆ ಆಚೆ ಹೋಗೋದೂ ಇಲ್ಲ. ಒಂದು ಕದದಲ್ಲಿ ಇದು ಹಿಡಿಸಲ್ಲ."

ಮೇಜನ್ನು ಅವರು ಮರೆತಿದ್ದರು ಎನ್ನುವುದು ಸರಿಯಲ್ಲ. ಇಬ್ಬರೂ ಅದರ ಮಾತೆತ್ತಲು ಹೆದರಿದ್ದರು ಎಂದು ಅವಳಿಗೆ ಅವರ ಮುಖ ನೋಡಿಯೇ ಗೊತ್ತಾಯಿತು. ಚಿಕ್ಕ ಸಾರ್ ಬಂದು ಮೇಜಿನ ಅಂಚಿನ ಮೇಲೆ ಕೈಯಿಟ್ಟರು.

"ತರುವಾಗಲೂ ಎರಡೂ ಕದ ತೆಗೆದೇ ತಂದಿದ್ದು," ಎಂದರು. "ನಿನ್ನ ಬೆರಳು ಸಿಕ್ಕಿಹಾಕ್ಕೊಂಡಿತ್ತು. ನೋಯ್ತಿದೆ ಅಂತ ಹೇಳ್ದೇನೇ ಇಲ್ಲಿವರೆಗೂ ಹೊತ್ತೆ. ಇಳಿಸಿದ ಮೇಲೆ ನೋಡಿದ್ರೆ ರಕ್ತ."

"ಹೇಳಿದ್ರೆ ನೀನು ಕೈ ಬಿಟ್ಟುಬಿಡ್ತಿದ್ದೆ."

"ಬಿಡ್ತಿರಲಿಲ್ಲ."

ಹೊರಗೆ ಯಾರೋ ಬೈಕು ಒದೆಯುತ್ತಿದ್ದರು, ಅದು ಹೊತ್ತಿಕೊಳ್ಳುತ್ತಿರಲಿಲ್ಲ. ಚಿಕ್ಕ ಸಾರ್ ಅಣ್ಣನ ಮುಖ ನೋಡದೆ, ಮೇಜನ್ನು ನೋಡುತ್ತ ಹೇಳಿದರು:

"ಆ ಮೆಟ್ಟಿಲು ಕಡಿದಾಗಿತ್ತು. ನೀನು ತಿದ್ದಿದ್ದು ಸರಿ. ಆಮೇಲೆ ನಾನೇ ಬದಲಾಯಿಸ್ದೆ. ಆದರೆ ಅವರೆಲ್ಲರ ಮುಂದೆ ತಿದ್ದಿದ್ದು ಸರಿ ಅಲ್ಲ ಅಣ್ಣ. ಅವತ್ತಿಂದ ಒಂದು ಗೆರೆ ಎಳೆದ್ರೂ ನನಗೆ ಆ ನಗು ಕೇಳಿಸುತ್ತೆ."

ದೊಡ್ಡ ಸಾರ್ ಜೇಬಿಗೆ ಕೈ ಹಾಕಿ ಕೆಂಪು ಪೆನ್ನು ತೆಗೆದು ಮೇಜಿನ ಮೇಲೆ, ತಮ್ಮನ ಕೈಯ ಪಕ್ಕದಲ್ಲಿ, ಇಟ್ಟರು.

"ತಪ್ಪಾಯ್ತು ಕಣೋ," ಎಂದರು. "ಅವತ್ತೇ ಸಂಜೆ ಹೇಳ್ಬೇಕು ಅಂದ್ಕೊಂಡೆ. ಆಮೇಲೆ ನಾಳೆ ಹೇಳೋಣ ಅಂದ್ಕೊಂಡೆ. ಹಾಗೇ ದಿನ ಹೋದ್ವು."

ಬಾಗಿಲಮ್ಮ ಆಯ್ದ ಹಾಳೆಗಳನ್ನೇ ಮತ್ತೆ ಚೆಲ್ಲಿ ಮತ್ತೆ ಆಯತೊಡಗಿದಳು. ಎದ್ದರೆ ಕಣ್ಣು ಒದ್ದೆಯಾಗಿರುವುದು ಕಾಣುತ್ತದಲ್ಲ ಎಂಬುದು ಅವಳ ಯೋಚನೆ.

ಇಲ್ಲಿ ಆ ಆಫೀಸಿನ ಒಂದು ಪದ್ಧತಿ ಹೇಳಬೇಕು. ಅಲ್ಲಿ ಬೇಡವಾದ ಯಾವ ಗೆರೆಯನ್ನೂ ಯಾರೂ ಅಳಿಸುತ್ತಿರಲಿಲ್ಲ. ಮುಂದೆ ಬೇಕಾದೀತು ಎಂದು ಅದನ್ನೆಲ್ಲ ಕಣ್ಣಿಗೆ ಕಾಣದ ಒಂದು ಪದರಕ್ಕೆ ಸೇರಿಸಿಬಿಡುತ್ತಿದ್ದರು. ಆ ಪದರಕ್ಕೆ ಅಟ್ಟ ಎಂದು ಹೆಸರಿಟ್ಟಿದ್ದವರು ಚಿಕ್ಕ ಸಾರ್. ಯಾರೋ ಬೇಡವೆಂದ ಬಾಲ್ಕನಿ, ಹಿಡಿಸದ ಕಮಾನು, ಎಲ್ಲ ಅಟ್ಟದಲ್ಲಿದ್ದವು. ಬಾಗಿಲಮ್ಮನ ಅನುಭವದಲ್ಲಿ ಅಟ್ಟಕ್ಕೆ ಏರಿದ್ದು ಯಾವುದೂ ಇವತ್ತಿನವರೆಗೆ ಕೆಳಗೆ ಇಳಿದದ್ದಿಲ್ಲ.

ಇಬ್ಬರೂ ಅವಳ ಕಂಪ್ಯೂಟರಿನ ಮುಂದೆ ಬಂದು ನಿಂತರು. ಪರದೆಯ ಮೇಲೆ ಅವರ ಆಫೀಸು, ನಡುವೆ ಗೋಡೆ, ಒಂದು ಕದ ತೆರೆದ ಬಾಗಿಲು. ಅಣ್ಣ ತಮ್ಮನ ಕಡೆ ನೋಡಿದರು. ತಮ್ಮ ಗೋಣು ಆಡಿಸಿದರು.

"ಗೋಡೇನ ಅಟ್ಟಕ್ಕೆ ಹಾಕಮ್ಮ," ಎಂದರು ದೊಡ್ಡ ಸಾರ್.

ಅವಳು ಇನ್ನೊಂದು ಸಲ ಕೇಳಲಿಲ್ಲ. ಮನಸ್ಸು ಬದಲಾಯಿಸಲು ಅವಕಾಶ ಕೊಡುವಷ್ಟು ದಡ್ಡಿ ಅವಳಲ್ಲ. ಒಂದೇ ಏಟಿಗೆ ಗೋಡೆ ಮಾಯವಾಯಿತು, ಕೋಣೆ ಮೊದಲಿನಂತೆ ಉದ್ದಕ್ಕೆ ಬಿದ್ದುಕೊಂಡಿತು. ಹಾಗೇ ಅದರ ನಡುವೆ ಒಂದು ಮೇಜನ್ನೂ ಎಳೆದು ಕೂರಿಸಿದಳು.

"ಆಸ್ಪತ್ರೆ ಬಾಗಿಲು ಮೊದಲು ಸರಿಮಾಡು, ಮೇಸ್ತ್ರಿ ಜಡಿದುಬಿಟ್ಟಾನು," ಎಂದರು ದೊಡ್ಡ ಸಾರ್.

"ಶಾಲೆ ಮೊದಲು," ಎಂದರು ಚಿಕ್ಕ ಸಾರ್. "ಹೆಡ್‌ಮಿಸ್ಟ್ರೆಸ್ ಮೇಸ್ತ್ರಿಗಿಂತ ಜೋರು."

"ಮೊದಲು ನಮ್ಮದು ಹೇಳಿ," ಎಂದಳು ಬಾಗಿಲಮ್ಮ. "ಈ ಬಾಗಿಲು ಹ್ಯಾಗೆ ಇಡ್ಲಿ?"

"ಎರಡೂ ತೆಗೆದಿಡಿ. ಗಾಳಿ ಬರಲಿ," ಎಂದರು ಚಿಕ್ಕ ಸಾರ್.

"ಧೂಳು ಬರುತ್ತೆ. ಹಾಳೆಯೆಲ್ಲ ಹಾರುತ್ತೆ. ಒಂದೇ ಸಾಕು," ಎಂದರು ದೊಡ್ಡ ಸಾರ್.

ಮತ್ತೆ ಶುರುವಾಯಿತು. ಅವಳು ಅವರನ್ನು ಅವರ ಪಾಡಿಗೆ ಬಿಟ್ಟು ಎಡ ಕದಕ್ಕೆ ತೊಂಬತ್ತು ಕೊಟ್ಟಳು, ಬಲ ಕದಕ್ಕೆ ನಲವತ್ತೈದು. ಒಂದು ಕದ ಪೂರ್ತಿ ತೆರೆಯಿತು, ಇನ್ನೊಂದು ಅರ್ಧ ತೆರೆದು ನಿಂತಿತು. ಈಗ ಅವಳ ಬಾಗಿಲಿಗೆ ಅದು ಸಾಧ್ಯವಿತ್ತು. ಹಿಂದಿನ ಬಾಗಿಲಾಗಿದ್ದರೆ ಆಗುತ್ತಿರಲಿಲ್ಲ.

ಅಣ್ಣತಮ್ಮಂದಿರು ಮಾತು ನಿಲ್ಲಿಸಿ ನೋಡಿದರು. ಇಬ್ಬರಿಗೂ ಪೂರ್ತಿ ಒಪ್ಪಿಗೆಯಾಗಲಿಲ್ಲ, ಇಬ್ಬರೂ ಬೇಡವೆನ್ನಲಿಲ್ಲ.

ಸಂಜೆ ಅವಳು ಮನೆಗೆ ಹೋದಾಗ ಅತ್ತೆ, "ಏನಾಯ್ತೇ, ಯಾರ ಕಡೆ ಅಂದೆ?" ಎಂದು ಕೇಳಿದರು.

"ಯಾರೂ ಮತ್ತೆ ಕೇಳಲೇ ಇಲ್ಲ ಅತ್ತೆ," ಎಂದಳು ಬಾಗಿಲಮ್ಮ. ಚೀಲ ಕೆಳಗಿಟ್ಟು, ಬೀರುವಿನ ತನ್ನ ಕದ ತೆರೆದು, ಆಮೇಲೆ ಅತ್ತೆಯ ಕದ ತೆರೆದು, ಅವರ ಶಾಲನ್ನು ತೆಗೆದು ಕೊಟ್ಟಳು.